ಪಕ್ಕೆಯ ಕೆಂಪು ಗೆರೆ

ಎಂಟು ತಿಂಗಳ ಬಸುರಿ ಸೊಸೆ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಉಸಿರಾಡಲೂ ಒದ್ದಾಡುತ್ತಿದ್ದಳು. ಹೆರಿಗೆ ನೋವೇ ಇರಬೇಕೆಂದು ಹೆದರಿದ ಅತ್ತೆ, ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು ಅವಳನ್ನು ಆಸ್ಪತ್ರೆಗೆ ಎಳೆದುಕೊಂಡೇ ಬಂದರು.

ನರ್ಸ್ ಬ್ರಾದ ಕೊಕ್ಕೆ ಬಿಚ್ಚಿದ್ದೇ ತಡ, ಅವಳಿಗೆ ಹೋದ ಜೀವ ಬಂದಂತಾಯಿತು. ಪಕ್ಕೆಯ ಮೇಲೆ ಚಾಟಿಯಿಂದ ಹೊಡೆದಂತೆ ಕೆಂಪು ಗೆರೆ ಎದ್ದಿತ್ತು.

"ಮಗು ಆರಾಮಾಗಿದೆ. ಇದು ಮದುವೆಗೆ ಮುಂಚಿನ ಅಳತೆ ಅಲ್ವಾ? ತಂತಿ ಇಲ್ಲದ್ದು, ಅಗಲ ಪಟ್ಟಿಯದ್ದು, ಹಾಲು ಕುಡಿಸೋಕೆ ಮುಂದೆ ತೆರೆಯೋದು ತಗೊಳ್ಳಿ," ಎಂದಳು ನರ್ಸ್.

"ಹಳೇದಿನ್ನೂ ಹರಿದಿಲ್ವಲ್ಲ ಅಂತ ಅತ್ತೇನೇ ಅಂದಿದ್ರು," ಎಂದು ಸೊಸೆ ಗೊಣಗಿದಳು.

ಅತ್ತೆ ಅವಳನ್ನು ಆಸ್ಪತ್ರೆಯಿಂದ ನೇರ ಒಳಉಡುಪಿನ ಅಂಗಡಿಗೇ ಕರೆದೊಯ್ದರು. ಅಂಗಡಿಯಲ್ಲಿ ಸೊಸೆಯದ್ದು ಆರಿಸಿದ ಮೇಲೆ, "ನನಗೂ ಒಂದು ತೋರ್ಸಮ್ಮ," ಎಂದರು ಮೆಲ್ಲಗೆ. "ಇವಳ ಗಂಡನ್ನ ಹೆತ್ತಾಗಿಂದ ಉಸಿರು ಬಿಗಿಹಿಡ್ಕೊಂಡೇ ಇದ್ದೀನಿ."