ನಿತೇಶನ ಮರ್ಯಾದೆ

ವಿಡಿಯೊ ಹರಡಿದ ಮರುದಿನ ಬೆಳಗಿನಿಂದಲೇ ಗಾಯತ್ರಿಯ ಮನೆಗೆ ಸಮಾಧಾನ ಹೇಳುವವರು ಬರತೊಡಗಿದರು. ಬಂದವರೆಲ್ಲರದೂ ಒಂದೇ ಮಾತು. ತಾವಂತೂ ಅದನ್ನು ನೋಡಿಲ್ಲ. ನೆರೆಮನೆಯ ಸುಬ್ಬ ಅಂಗಳದಲ್ಲಿ ನಿಂತು, "ನಾ ನೋಡುಕೆ ಹೋಗ್ಲಿಲ್ಲ ತಂಗಿ. ಅಂಥದ್ದೆಲ್ಲ ನೋಡೂ ಜನ ನಾವಲ್ಲ" ಎಂದು ಹೆಗಲ ಪಂಜೆಯಿಂದ ಮುಖ ಒರೆಸಿಕೊಂಡ. ಉಸಿರು ಬಿಟ್ಟು ಮತ್ತೆ ಹೇಳಿದ: "ಆದ್ರೂ ಆ ಹಸಿರು ಪಡದೆ ನಿಮ್ಮನೇದಲ್ಲ, ನಂಗೆ ಆಗ್ಲೇ ಗೊತ್ತಾಯ್ತು."

ಗಾಯತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪರದೆಯ ಬಣ್ಣ ಹೇಗೆ ಗೊತ್ತಾಯಿತು ಎಂದು ಕೇಳಿ ಬಾಯಿ ಸವೆಸಲು ಮನಸ್ಸಾಗದೆ ಒಳಗೆ ಹೋದಳು.

ಹಾರವಾಡದ ಕಡಲ ದಂಡೆಯಲ್ಲಿ ಮೀನು ಒಣಗಿಸುವ ಹೆಂಗಸರ ಸಂಘಕ್ಕೆ ಅವಳು ಮುಖ್ಯಸ್ಥೆ. ಮೀನು ಹರವುವ ಬಯಲನ್ನು ಯಾವುದೋ ರೆಸಾರ್ಟಿನವರಿಗೆ ಬಿಟ್ಟುಕೊಡಬೇಕೆಂದು ಮೀನಿನ ವ್ಯಾಪಾರಿ ಮಂಗೇಶ ಓಡಾಡುತ್ತಿದ್ದ. ಗಾಯತ್ರಿ ಒಪ್ಪಿರಲಿಲ್ಲ. ತಾನೂ ಒಪ್ಪದೆ, ಉಳಿದ ಹೆಂಗಸರೂ ಒಪ್ಪದಂತೆ ಮಾಡಿದ್ದಳು. ಸಭೆಯಲ್ಲಿ ಮಂಗೇಶ ಎದ್ದುಹೋಗುವಾಗ, "ನಾಲ್ಕು ಜನರ ಎದ್ರಿಗೆ ನಿಲ್ಲುಕೆ ಮುಖ ಇರ್ಬೇಕು ಗಾಯತ್ರಿಬಾಯಿ" ಎಂದಿದ್ದ. ಅದಾಗಿ ವಾರ ಕಳೆಯುವುದರೊಳಗೆ ಅವಳ ಮುಖ ಬೇರೊಬ್ಬಳ ಬತ್ತಲೆ ಮೈಗೆ ಅಂಟಿಕೊಂಡು ಊರೆಲ್ಲ ತಿರುಗಿತು.

ಆ ಮುಖ ಎಲ್ಲಿಂದ ಬಂತೆಂದು ಅವಳಿಗೆ ಕೂಡಲೇ ತಿಳಿಯಿತು. ಅಣ್ಣನ ಮಗಳ ಮದುವೆಗೆಂದು ಎರವಲು ತಂದ ಮೂಗುಬೊಟ್ಟು ಅದರಲ್ಲಿತ್ತು. ಆಮೇಲೆ ಅವಳು ಅದನ್ನು ತೊಟ್ಟದ್ದೇ ಇಲ್ಲ. ಮದುವೆಯ ಫೋಟೊ ತೆಗೆದವನು ಅಂಕೋಲೆಯಲ್ಲಿ ಸ್ಟುಡಿಯೊ ಇಟ್ಟ ನಿತೇಶ, ಮಂಗೇಶನ ತಂಗಿಯ ಮಗ. ಹಳೆಯ ಫೋಟೊಗಳಿಗೆ ಕಂಪ್ಯೂಟರಿನಲ್ಲಿ ಜೀವ ಕೊಟ್ಟು, ಸತ್ತ ಅಪ್ಪಂದಿರು ಪರದೆಯ ಮೇಲೆ ಬಂದು ಮಕ್ಕಳ ತಲೆ ಮುಟ್ಟಿ ಹರಸುವಂತೆ ಮಾಡಿಕೊಡುತ್ತಿದ್ದ. ಮದುವೆಮನೆಗಳಲ್ಲಿ ಜನ ಅತ್ತು, ಅವನ ಬೆನ್ನು ತಟ್ಟುತ್ತಿದ್ದರು.

ಸಂಜೆ ಗಂಡ ಪಾಂಡು ಗಾರೆ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಜಗಲಿಯಲ್ಲೇ ಕೂತ. ಅಲ್ಲಿಂದಲೇ ಕೇಳಿದ: "ಅದು ನೀನಲ್ಲ, ಅಲ್ದಾ?"

ಗಾಯತ್ರಿ ಬೆನ್ನು ತಿರುಗಿಸಿ ಸೆರಗು ಸರಿಸಿದಳು. ಗಂಜಿ ಚೆಲ್ಲಿ ಸುಟ್ಟ ದೊಡ್ಡ ಕಲೆ ಭುಜದಿಂದ ಕೆಳಗೆ ಹಬ್ಬಿತ್ತು. ವಿಡಿಯೊದವಳ ಬೆನ್ನಿನ ಮೇಲೆ ಅದಿರಲಿಲ್ಲ.

"ಊರೋರಿಗೆ ನನ್ ಬೆನ್ನು ಗೊತ್ತಿಲ್ಲ, ಸರಿ. ನಿಮ್ಗೂ ಗೊತ್ತಿಲ್ವನಾ?"

ಪಾಂಡು ತಲೆ ತಗ್ಗಿಸಿದ. ತಾನು ಹಾಗೆ ಕೇಳಿದ್ದು ತಪ್ಪಾಯಿತೆಂದು ಮತ್ತೆಮತ್ತೆ ಹೇಳಿದ. ಸುಬ್ಬನನ್ನು ಕಂಡಾಗ ಆದ ಅಸಹ್ಯವೇ ಇವನ ಮೇಲೂ ಆಗುತ್ತಿದೆಯಲ್ಲ ಎಂದು ಅವಳಿಗೆ ಸಂಕಟವಾಯಿತು. ಅನ್ನವನ್ನೇನೋ ಬಡಿಸಿದಳು. ಎದುರು ಕೂರಲಿಲ್ಲ.

ಮರುದಿನ ಅವಳು ಬಸ್ಸು ಹತ್ತಿ ಕಾರವಾರಕ್ಕೆ ಹೋದಳು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರನ್ನು ಕೊಡುತ್ತಾರೆಂದು ಸಂಘದ ತರಬೇತಿಯಲ್ಲಿ ಕೇಳಿದ್ದಳು. ಅವಳ ಪಾಲಿಗೆ ಬಂದವಳು ನಿಶಾ. ನೌಕಾನೆಲೆಗೆ ಜಮೀನು ಹೋಗಿ ಚೆಂಡಿಯಾದಲ್ಲಿ ಮರುವಸತಿ ಪಡೆದ ಮನೆಯ ಹುಡುಗಿ. ಪರಿಹಾರದ ಮೊಕದ್ದಮೆಗಳನ್ನು ನೋಡುತ್ತಲೇ ಬೆಳೆದವಳು. ಅಯ್ಯೋ ಪಾಪ ಎನ್ನಲಿಲ್ಲ. ಅದೊಂದೇ ಕಾರಣಕ್ಕೆ ಗಾಯತ್ರಿಗೆ ಅವಳು ಹಿಡಿಸಿದಳು.

"ಇಂಥಾ ಸುಳ್ಳು ವಿಡಿಯೊಕ್ಕೆ ಹೇಳಿಯೇ ಬೇರೆ ಕಾಯ್ದೆ ಇಲ್ಲ ಅಕ್ಕಾ. ಇದ್ದದ್ದನ್ನೇ ಜೋಡಿಸ್ಕಂಡು ಹೊಡೀಬೇಕು" ಎಂದಳು ನಿಶಾ. "ಮೊದಲು ಆ ವಿಡಿಯೊ ಇಟ್ಕಂಡ ಕಂಪನಿಗಳಿಗೆ ದೂರು. ಇಂಥಾದ್ದನ್ನ ಅವರು ಗಡುವಿನೊಳಗೆ ತೆಗೀಲೇಬೇಕು. ಜೊತೆಗೇ ಸೈಬರ್ ಪೊಲೀಸರಿಗೆ ದೂರು. ಅಶ್ಲೀಲ ವಿಡಿಯೊ ಹಂಚಿದ್ದಕ್ಕೆ ಐಟಿ ಕಾಯ್ದೆ ಇದೆ, ಹೆಂಗಸಿನ ಮಾನ ಕಳೆದದ್ದಕ್ಕೆ ಬೇರೆ ಕಲಮು. ಇನ್ನು ಸಿವಿಲ್ ಕೋರ್ಟಲ್ಲಿ ಆ ನಿತೇಶ ಮತ್ತೆ ಹಂಚದ ಹಾಂಗೆ ತಡೆಯಾಜ್ಞೆ, ಪರಿಹಾರ. ಆದ್ರೆ ಒಂದು ಬೇಕು. ಅವನ ನಂಬರಿಂದಲೇ ಬಂದದ್ದು, ಬಂದ ಹಾಂಗೇ ಇರೂ ಫೋನು."

ಗಾಯತ್ರಿ ಊರಿಗೆ ಬಂದು ಮನೆಮನೆ ತಿರುಗಿದಳು. ಅವಳು ಕಾರವಾರಕ್ಕೆ ಹೋದ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಊರಿಗೂರೇ ಹೆದರಿ ಫೋನಿನಲ್ಲಿದ್ದದ್ದನ್ನು ಅಳಿಸಿ ಕೂತಿತ್ತು. ನೋಡುವಾಗ ಬಾಗಿಲು ಹಾಕಿಕೊಂಡು ನೋಡಿದವರು ಈಗ ಬಾಗಿಲು ತೆಗೆಯಲಿಲ್ಲ. ತೆಗೆದವರು, "ಬಂದಿತ್ತೇನೋ, ನಮ್ಗೆ ಗೊತ್ತಿಲ್ಲ" ಎಂದರು. ಸುಬ್ಬನಂತೂ ತನ್ನ ಫೋನೇ ಹೊಳೆಗೆ ಬಿತ್ತೆಂದ. ಹಾಗೆನ್ನುತ್ತಿದ್ದಾಗಲೇ ಅವನ ಅಂಗಿಯ ಕಿಸೆಯಲ್ಲಿ ಅದು ರಿಂಗಾಯಿತು. ಗಾಯತ್ರಿ, "ತಕ್ಕೋ ಸುಬ್ಬಣ್ಣ, ಹೊಳೆಯಿಂದ ಯಾರೋ ಫೋನು ಮಾಡ್ತಿದಾರೆ" ಎಂದು ಹೇಳಿ ನಡೆದಳು.

ಕೊನೆಗೆ ಸಿಕ್ಕಿದ್ದು ಹೊನ್ನುವಿನ ಫೋನಿನಲ್ಲಿ. ಹೊನ್ನು ಅವಳ ಜೊತೆಯೇ ಮೀನು ಹರವುವವಳು, ಹೆಚ್ಚು ಮಾತಿಲ್ಲ. ನಿತೇಶ ಆ ವಿಡಿಯೊವನ್ನು ಸಂಘದ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೆ ಕಳಿಸಿದ್ದ. ನೋಡಿದವರೆಲ್ಲ ಅಳಿಸಿದ್ದರು. ಹೊನ್ನು ನೋಡಿಯೇ ಇರಲಿಲ್ಲ. ಹಾಗಾಗಿ ಅದು ಅವನ ಹೆಸರಿನಡಿ ತೆರೆಯದೆ ಬಿದ್ದುಕೊಂಡಿತ್ತು.

"ಎಂತಕೆ ತೆಗೀಲಿಲ್ಲ?" ಎಂದು ಕೇಳಿದಳು ಗಾಯತ್ರಿ.

"ಕೆಳಗೆ ನಿನ್ನ ಹೆಸರು ಹಾಕಿ ಹೊಲಸು ಬರ್ದಿದ್ದ. ನಿನ್ನ ಬಗ್ಗೆ ಅವ ಹೇಳಿ ನಾ ತಿಳ್ಕಳ್ಳೂದು ಎಂತಾ ಇತ್ತು?" ಎಂದಳು ಹೊನ್ನು.

ಆ ಎರಡು ದಿನಗಳಲ್ಲಿ ಗಾಯತ್ರಿ ಅತ್ತದ್ದು ಆಗ ಮಾತ್ರ. ಗೋವೆಯಲ್ಲಿ ಬೋಟಿನ ಕೆಲಸಕ್ಕಿರುವ ಮಗನ ದನಿ ಹೊನ್ನುವಿಗೆ ಕೇಳುತ್ತಿದ್ದದ್ದು ಆ ಫೋನಿನಲ್ಲೇ. ಅದು ತನಿಖೆಗೆ ಬೇಕು, ಬೇಗ ತಿರುಗಿ ಬರುವುದಿಲ್ಲ ಎಂದು ತಿಳಿದೂ ಅವಳು ಕಾರವಾರದವರೆಗೆ ಜೊತೆಗೆ ಬಂದು ತಾನೇ ಪೊಲೀಸರ ಮೇಜಿನ ಮೇಲಿಟ್ಟಳು.

ಪ್ರಕರಣ ದಾಖಲಾಯಿತು. ಸ್ಟುಡಿಯೊದ ಕಂಪ್ಯೂಟರನ್ನೂ ನಿತೇಶನ ಫೋನನ್ನೂ ಒಯ್ದರು. ಕಂಪನಿಗಳು ಒಂದೊಂದಾಗಿ ವಿಡಿಯೊ ತೆಗೆದವು. ತೆಗೆದದ್ದು ಮತ್ತೆಲ್ಲೋ ತಲೆಯೆತ್ತಿದಾಗ ನಿಶಾ ಮತ್ತೆ ದೂರು ಹಾಕಿದಳು. ನಿತೇಶ ಜಾಮೀನಿನ ಮೇಲೆ ಹೊರಬಂದ ಮಾರನೆಯ ದಿನ ಮಂಗೇಶ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಗಾಯತ್ರಿಯ ಮನೆಗೆ ಬಂದ. ಕೈಯಲ್ಲಿ ಸೀರೆಯ ಪೊಟ್ಟಣವಿತ್ತು.

"ಹುಡುಗಾಟಿಕೆ, ಗಾಯತ್ರಿಬಾಯಿ" ಎಂದ ಮಂಗೇಶ. "ಹೊಸಾ ಆಟಿಕೆ ಸಿಕ್ತು, ಆಡ್ದ. ಕೋರ್ಟು ಕಚೇರಿ ಹೇಳಿ ನೀ ತಿರುಗಿದ್ರೆ ಕೆಟ್ಟ ಹೆಸ್ರು ಬರೂದು ನಿಂಗೇ. ಅವ ಬಂದು ಕಾಲಿಗೆ ಬೀಳ್ತ. ಇಲ್ಲಿಗೇ ಮುಗಿಸ್ವ."

"ಕಾಲಿಗೆ ಬೀಳೂದು ಬೇಡ" ಎಂದಳು ಗಾಯತ್ರಿ. "ಅವ ಕ್ಯಾಮೆರಾ ಮುಂದೆ ನಿಂತು, ಈ ಹೊಲಸು ನಾನೇ ಮಾಡಿದ್ದು, ಇದು ಗಾಯತ್ರಿಯಲ್ಲ ಹೇಳಿ ಹೇಳ್ಲಿ. ಯಾರ್ಯಾರಿಗೆ ಅದನ್ನ ಕಳಿಸಿದ್ನೋ ಅವ್ರಿಗೆಲ್ಲ ಇದನ್ನೂ ಕಳಿಸ್ಲಿ."

ಹಿರಿಯರು ಮುಖಮುಖ ನೋಡಿಕೊಂಡರು. ಒಬ್ಬ ಕೆಮ್ಮಿದ. ಮಂಗೇಶ ಕೈ ಬೀಸಿ ಎದ್ದುನಿಂತ.

"ಹೆಣ್ಣು ನೋಡೂ ಹುಡುಗ ಅವ. ಊರಿಗೆಲ್ಲ ಹಾಂಗೆ ತೋರ್ಸಿದ್ರೆ ಅವನ ಮರ್ಯಾದೆ ಎಂತಾ ಆಗೂದು?"

ಗಾಯತ್ರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಆ ಐವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಮಂಗೇಶ ಈಗ ಕೇಳಿದ್ದರ ಅರ್ಥ ಒಬ್ಬನಿಗೂ ಹೊಳೆದಿರಲಿಲ್ಲ. ತನ್ನ ಮಾನ ಕಳೆದದ್ದು ಇವರ ಲೆಕ್ಕದಲ್ಲಿ ಹುಡುಗಾಟಿಕೆ. ನಿತೇಶ ನಿಜ ಹೇಳುವುದು ಮಾನಭಂಗ.

ಹಿಂದೆ ನಿಂತಿದ್ದ ಪಾಂಡು ಮುಂದೆ ಬಂದು ಸೀರೆಯ ಪೊಟ್ಟಣವನ್ನೆತ್ತಿ ಮಂಗೇಶನ ಕಂಕುಳಿಗೆ ತುರುಕಿದ. "ಇದನ್ನ ನಿಮ್ಮ ಅಳಿಯಂಗೇ ಉಡ್ಸಿ. ಹೊರಡಿ" ಎಂದ. ಗಾಯತ್ರಿ ಅಂದು ಗಂಡನ ಎದುರು ಕೂತು ಉಂಡಳು.

ಕಾರವಾರದ ನ್ಯಾಯಾಲಯದಲ್ಲಿ ನಿತೇಶನ ವಕೀಲರು ತಮ್ಮ ಕಕ್ಷಿದಾರನ ವಯಸ್ಸು, ಭವಿಷ್ಯ, ಒಳ್ಳೆಯ ಮನೆತನ ಎಲ್ಲವನ್ನೂ ಹೇಳಿದರು. ನಿಶಾ ಹೊನ್ನುವಿನ ಫೋನಿನಲ್ಲಿ ಸಿಕ್ಕಿದ್ದನ್ನಷ್ಟೇ ಹೇಳಿದಳು. ಮಧ್ಯಂತರ ತಡೆಯಾಜ್ಞೆ ಸಿಕ್ಕಿತು. ಪರಿಹಾರದ ದಾವೆಯೂ ಕ್ರಿಮಿನಲ್ ಪ್ರಕರಣವೂ ಮುಂದಿನ ತಾರೀಕಿಗೆ ಹೋದವು.

ಹೊರಗೆ ನಿತೇಶ ಗಾಯತ್ರಿಯ ಹಿಂದೆಯೇ ಓಡಿಬಂದ. ದನಿ ತಗ್ಗಿಸಿ, "ಅಕ್ಕಾ, ಮಾಮ ಮಾಡು ಅಂದದ್ದಕ್ಕೆ ಮಾಡ್ದೆ. ಮೆಸೇಜೂ ಕಳಿಸಿದ್ರು. ದೇವರಾಣೆ" ಎಂದ.

"ಒಳಗೆ ನಿಂತಾಗ ನಾಲಿಗೆ ಇರ್ಲಿಲ್ವನಾ?"

"ಅಲ್ಲಿ ಹೇಳಿದ್ರೆ ಮಾಮ ಬಿಡೂದಿಲ್ಲ."

ಅವನ ಮೇಲೆ ಸಿಟ್ಟೂ ಬರಲಿಲ್ಲವಲ್ಲ ಎಂದು ಗಾಯತ್ರಿಗೆ ಆಶ್ಚರ್ಯವಾಯಿತು. ಊರೆಲ್ಲರ ಎದುರು ತನ್ನನ್ನು ಬತ್ತಲೆ ಮಾಡಿದವನು ಇಷ್ಟು ಸಣ್ಣವನೇ? ಪಕ್ಕದಲ್ಲಿದ್ದ ನಿಶಾ ಎಲ್ಲ ಕೇಳಿಸಿಕೊಂಡಿದ್ದಳು. "ಆ ಮೆಸೇಜು ನಿನ್ನ ಫೋನಲ್ಲೇ ಇದ್ರೆ ಪೊಲೀಸರಿಗೆ ಸಿಗ್ತದೆ. ನೀ ಮೊದಲು ಹೇಳಿದ್ರೆ ನಿಂಗೇ ಒಳ್ಳೇದು" ಎಂದಳು. ನಿತೇಶ ತನ್ನ ವಕೀಲರ ಹಿಂದೆ ಹೋಗಿ ನಿಂತ.

ಅವನು ಹೇಳಲೇ ಇಲ್ಲ. ಫೋನು ಹೇಳಿತು. ಮಳೆಗಾಲ ಮುಗಿಯುವ ಹೊತ್ತಿಗೆ ತನಿಖೆಯವರು ಮಂಗೇಶನನ್ನು ಕರೆಸಿ, ಅವನ ಹೆಸರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿದರು. ರೆಸಾರ್ಟಿನವರು ಆ ಕಡೆ ಸುಳಿಯಲಿಲ್ಲ. ನಿತೇಶನ ಸ್ಟುಡಿಯೊ ಮತ್ತೆ ತೆರೆಯಿತು. ಅದಕ್ಕೂ ಗಿರಾಕಿಗಳಿದ್ದರು, ಜನ ಜನವೇ.

ಬಿಸಿಲು ಬಿದ್ದ ಮೊದಲ ದಿನ ಗಾಯತ್ರಿ ಮತ್ತು ಹೊನ್ನು ದಂಡೆಯಲ್ಲಿ ತಾರ್ಲೆ ಮೀನು ಹರವುತ್ತಿದ್ದರು. ಸುಬ್ಬ ದೂರದಿಂದಲೇ ಹಲ್ಲು ಕಿರಿಯುತ್ತ ಬಂದು, "ನೀ ಗೆಲ್ತೆ ಹೇಳಿ ನಾ ಮೊದಲೇ ಹೇಳಿದ್ದೆ ತಂಗಿ" ಎಂದ.

ಗಾಯತ್ರಿ ತಲೆಯೆತ್ತಲಿಲ್ಲ. "ಬಿಸಿಲಿಗೆ ಅಡ್ಡ ನಿಂತ್ಯಲ್ಲ, ಆಚೆ ಸರಿ" ಎಂದಳು.