ಚಿತ್ರಕ್ಕೆ ಬೇಡವಾದ ಕೆಮ್ಮು

“ಆ ಕೆಮ್ಮು ನಿಲ್ಸೋಕೆ ಹೇಳ್ರೀ! ಒಂದು ಮಾತೂ ನೆಟ್ಟಗೆ ಕೇಳಿಸ್ತಿಲ್ಲ,” ಎಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದವನು ರೇಗಿದ.

ದುಭಾಷಿಯಾಗಿ ಬಂದಿದ್ದ ರೋಸಲಿನ್ ಅದನ್ನು ತಮ್ಮ ನವಾಹೊ ಬುಡಕಟ್ಟಿನ ಮಾತಿಗೆ ತಿರುಗಿಸಲಿಲ್ಲ. ತಿರುಗಿಸದಿದ್ದರೂ ವರ್ನಾಗೆ ತಿಳಿಯಿತು. ಕೋಣೆಯ ನಡುವಿನ ಪರದೆಯ ಆಚೆ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಕೆಮ್ಮುತ್ತಿದ್ದವನು ಅವಳ ಗಂಡ ಹಾಸ್ಕಿ. ಹರೆಯವನ್ನೆಲ್ಲ ಯುರೇನಿಯಂ ಗಣಿಯೊಳಗೆ ಕಳೆದವನು. ಈಗ ಎದೆಯೂ ಹೋಗಿತ್ತು, ಕಣ್ಣೂ ಮಂಜಾಗಿತ್ತು.

ಅಣುವಿದ್ಯುತ್ತಿನಿಂದ ಜನರ ಆರೋಗ್ಯ ಹೇಗೆ ಕೆಡುತ್ತದೆಂದು ಸಾಕ್ಷ್ಯಚಿತ್ರ ಮಾಡಲು ಬಂದಿದ್ದರು ಈ ತಂಡದವರು. ಬಂದವರೇ ವರ್ನಾಳ ಸ್ವೆಟರ್ ಬಿಚ್ಚಿಸಿ, ಬುಡಕಟ್ಟಿನವರು ಹಬ್ಬಕ್ಕೆ ತೊಡುವ ಮಖಮಲ್ಲಿನ ರವಿಕೆ ತೊಡಿಸಿ, ಟಿವಿಗೆ ಕಂಬಳಿ ಮುಚ್ಚಿ, ಅವಳನ್ನು ಕಿಟಕಿಯ ಬಳಿ ಕೂರಿಸಿದ್ದರು.

“ಗಣಿಗೆ ಇಳ್ದೋನು ಅವ್ನಲ್ವೇನೇ? ಅವ್ನನ್ನೇ ಕೇಳ್ಲಿ. ನನ್ ಮೂತೀಲಿ ಏನೈತೆ?” ಎಂದಳು ವರ್ನಾ.

ಅಕ್ಕನ ಮಗಳು ರೋಸಲಿನ್ ಅದನ್ನು ನಿರ್ದೇಶಕ ಕ್ರೇಗ್‌ಗೆ ಹೇಳಿದಳು. ಅವನು ನಯವಾಗಿ ನಕ್ಕ. “ಗಣಿ ಕೆಲಸಗಾರರು ಆಗ್ಲೇ ಸಿಕ್ಕಿದ್ದಾರೆ, ಕೊಲರಾಡೊದವರು. ಬಹಳ ಚೆನ್ನಾಗಿ ಮಾತಾಡಿದ್ದಾರೆ. ಆದ್ರೆ ಚಿತ್ರದಲ್ಲಿ ಎಲ್ಲ ಥರದ ಜನ ಇರಬೇಕಲ್ವಾ? ಕಪ್ಪು ಜನಾಂಗದ ಡಾಕ್ಟರ್ ಒಬ್ಬರಿದ್ದಾರೆ. ಮೂಲನಿವಾಸಿ ಹೆಂಗಸು ಒಬ್ಬರು ಬಾಕಿ ಇತ್ತು.”

“ಗಣಿಯೋರು ಬಿಳಿಯೋರು ಸಿಕ್ಕವ್ರಂತೆ ಚಿಗವ್ವ. ನಮ್ಮೋರಲ್ಲಿ ಒಂದು ಹೆಣ್ಣು ಬೇಕಂತೆ.”

“ಹಲ್ಲು ನೋಡಿ ಕುರಿ ಆರ್ಸೋಕೆ ಬಂದವ್ರಾ, ಮುಂಡೇಮಕ್ಳು?”

ರೋಸಲಿನ್ ತಲೆ ತಗ್ಗಿಸಿದಳು. “ಜಗಳ ತೆಗೀಬ್ಯಾಡ ಕಣವ್ವ. ಮಾತು ತಿರ್ಗ್ಸೋ ಈ ಕೆಲ್ಸನೂ ಹೋಯ್ತದೆ ನಂಗೆ.”

ಕೊನೆಗೆ ಹಾಸ್ಕಿಯೇ ಪರದೆಯಾಚೆಯಿಂದ ಅಂದ: “ನನ್ನ ಹೊರಗ್ಡೆ ಕೂರ್ಸಿ. ನನ್ನಿಂದ್ಯಾಕೆ ಕೆಲ್ಸ ಕೆಡೋದು.”

ಇಬ್ಬರು ಅವನನ್ನು ಸಿಲಿಂಡರಿನ ಸಮೇತ ಎತ್ತಿ, ಅಂಗಳದಲ್ಲಿದ್ದ ಪಿಕಪ್ಪಿನಲ್ಲಿ ಕೂರಿಸಿ ಗಾಜು ಏರಿಸಿದರು. ಗಾಳಿ ಎದ್ದಿತ್ತು. ಮನೆಯ ಹಿಂದೆ ಗಣಿಯವರು ಸುರಿದು ಹೋದ ರಾಶಿಯಿಂದ ಹಳದಿ ದೂಳು ಏಳುತ್ತಿತ್ತು.

ಕ್ಯಾಮೆರಾ ಓಡತೊಡಗಿತು. ವರ್ನಾ ಆ ರಾಶಿಯಿಂದಲೇ ಸುರುಮಾಡಿದಳು. “ಅದಿರು ಹೊತ್ಕೊಂಡೋದ್ರು. ಕಸ ಇಲ್ಲೇ ಬಿಟ್ರು. ನಮಗೇನು ಗೊತ್ತಿತ್ತು? ಅದೇ ಕಲ್ಲು ತಂದು ಗೋಡೆ ಎಬ್ಬಿಸ್ದೋ. ನನ್ ಕೂಸು ಈ ಗೋಡೆ ನೆಕ್ಕೊಂಡೇ ಬೆಳೀತು...”

ರೋಸಲಿನ್ ತಿರುಗಿಸುವ ಮೊದಲೇ ಕ್ರೇಗ್ ಕೈ ಎತ್ತಿದ. “ಮಾತು ಬೇಡ. ಇದನ್ನೆಲ್ಲ ನಮ್ಮ ವಿಜ್ಞಾನಿ ವಿವರಿಸ್ತಾರೆ. ಇವರು ಸುಮ್ನೆ ಕಿಟಕಿಯಿಂದ ಹೊರಗೆ ನೋಡ್ಲಿ. ಮುಖದಲ್ಲಿ ನೋವು ಕಾಣ್ಲಿ, ಸಾಕು.”

ವರ್ನಾ ಹೊರಗೆ ನೋಡಿದಳು. ಗಾಜಿನ ಆಚೆ ಹಾಸ್ಕಿ ಬಗ್ಗಿಕೊಂಡಿದ್ದ. ಕೆಮ್ಮು ಬಂದಾಗಲೆಲ್ಲ ಅವನ ಹಣೆ ಸ್ಟೀರಿಂಗಿಗೆ ಬಡಿಯುತ್ತಿತ್ತು. ಒಳಗೆ ಒಂದು ಚೂರೂ ಸದ್ದಿಲ್ಲ.

“ಅದ್ಭುತ,” ಎಂದು ಕ್ರೇಗ್ ಪಿಸುಗುಟ್ಟಿದ. “ಹಾಗೇ ಇರಿ, ಹಾಗೇ...”

ವರ್ನಾ ಎದ್ದಳು. ರವಿಕೆಗೆ ಸಿಕ್ಕಿಸಿದ್ದ ಮೈಕನ್ನು ಕಿತ್ತು ನೆಲಕ್ಕೆಸೆದಳು. ಹೊರಗೆ ಹೋಗಿ ಗಂಡನ ತೋಳನ್ನು ಹೆಗಲಿಗೆ ಹಾಕಿಕೊಂಡು, ಸಿಲಿಂಡರನ್ನು ಎಳೆದುಕೊಂಡು ಬಂದಳು. ಅವನನ್ನು ದೀಪದ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾದ ಮೂತಿ ಹಿಡಿದು ಅವನತ್ತ ತಿರುಗಿಸಿದಳು.

“ತೆಗೀರ್ಲಾ ಈಗ! ಧೈರ್ಯ ಇದ್ರೆ ಇದ್ನ ತೆಗೀರಿ!”

ಕ್ರೇಗ್ ಕಣ್ಣಲ್ಲೇ ಸನ್ನೆ ಮಾಡಿದ. ಕ್ಯಾಮೆರಾದ ಕೆಂಪು ದೀಪ ಆರಿತು.

“ಪರವಾಗಿಲ್ಲ ಬಿಡಿ,” ಎಂದ. “ಆಗ ಕಿಟಕೀಲಿ ನೋಡಿದ್ರಲ್ಲ, ಆ ಮುಖ ಸಾಕು. ನಮ್ಗೆ ಬೇಕಾಗಿದ್ದು ಸಿಕ್ತು.”

ವೈರು ಸುತ್ತಿದರು, ದೀಪ ಮಡಚಿದರು. ರೋಸಲಿನ್ ಯಾರ ಮುಖವನ್ನೂ ನೋಡದೆ ವ್ಯಾನು ಹತ್ತಿದಳು. ವ್ಯಾನು ಹೊರಟಿತು, ಬಾಗಿಲಲ್ಲಿ ನಿಂತಿದ್ದ ವರ್ನಾಳ ಬಾಯಿಗೆಲ್ಲ ದೂಳು ನುಗ್ಗಿತು.

ಕುರ್ಚಿಯಲ್ಲಿ ಹಾಸ್ಕಿ, ಮಂಜುಗಣ್ಣನ್ನು ಕ್ಯಾಮೆರಾ ಇದ್ದ ಕಡೆಗೇ ನೆಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕೆಮ್ಮು ತುಸು ತಗ್ಗಿತ್ತು.

“ಸುರುವಾಯ್ತೇನೇ?” ಎಂದು ಕೇಳಿದ.

ವರ್ನಾ ಖಾಲಿ ಗೋಡೆಯನ್ನು ನೋಡಿದಳು. ಅವನ ಎದುರು ನೆಲದ ಮೇಲೆ ಕುಂತಳು.

“ಊಂ. ಹೇಳು.”

ಅವನು ಗಂಟಲು ಸರಿಮಾಡಿಕೊಂಡ. “ಒಳಗೆ ಬಲೇ ಸೆಕೆ ಸ್ವಾಮಿ. ಬಂಡೆಯಿಂದ ನೀರು ತೊಟ್ಟಿಕ್ಕೋದು. ಅದ್ನೇ ಬೊಗಸೇಲಿ ಹಿಡ್ದು ಕುಡೀತಿದ್ದೋ. ಏನ್ ತಣ್ಣಗಿರೋದು ಅಂತೀರಿ...”