ವಕೀಲ ಚಿಕ್ಕಪ್ಪನ ಸಮ್ಮತಿ

ವಕೀಲ ಚಿಕ್ಕಪ್ಪ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ವರ್ಣಭೇದದ ಮೊಕದ್ದಮೆಗಳ ಕಡತಗಳನ್ನು ವರ್ಷಗಟ್ಟಲೆ ಒಂದೇ ಹೆಗಲಿಗೆ ನೇತುಹಾಕಿಕೊಂಡು ತಿರುಗಿದ ಆ ದೇಹ, ಚೀಲ ಕೆಳಗಿಟ್ಟ ಮೇಲೂ ನೆಟ್ಟಗಾಗುವುದನ್ನು ಮರೆತುಬಿಟ್ಟಿತ್ತು. ಅವರ ಅಣ್ಣನ ಮಗಳು ಹಾಗೆ ಕರೆಯುತ್ತಿದ್ದುದರಿಂದ, ಕಚೇರಿಯಲ್ಲಿ ಎದುರು ಮೇಜಿನವನಾದ ನನಗೂ ಅವರು ಚಿಕ್ಕಪ್ಪನೇ ಆದರು. ಮೊಣಕೈ ಸವೆದ ಬೂದು ಕೋಟು. ಯಾವ ಮಾತಿಗೂ ಮುಂಚೆ "ಆಗಲಿ, ನೋಡೋಣ" ಎಂಬೊಂದು ನಿಟ್ಟುಸಿರು.

ಕಪ್ಪು ಮೈಬಣ್ಣದ ಕುಟುಂಬವೊಂದಕ್ಕೆ ಬಾಡಿಗೆ ಮನೆ ನಿರಾಕರಿಸಿದವನ ಮೇಲೆ ಅವರು ಹೂಡಿದ ದಾವೆಯಲ್ಲಿ, ಜನಾಂಗಭೇದ ನಿರ್ಮೂಲನೆಯ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಮಗ್ಗಿಯಂತೆ ಒಪ್ಪಿಸಿ ಗೆದ್ದರು. ಶುಕ್ರವಾರ ಮಸೀದಿಯಲ್ಲಿ ಧರ್ಮಗುರುಗಳು ಅವರನ್ನು ಹೊಗಳಿ, ಬಿಳಿಯನು ಕರಿಯನಿಗಿಂತ ಮೇಲಲ್ಲ, ದೈವಭಕ್ತಿಯೊಂದೇ ಹಿರಿಮೆ ಎಂಬ ಪ್ರವಾದಿಗಳ ಕಡೆಯ ಉಪದೇಶವನ್ನು ನೆನೆದರು. ಎಲ್ಲರೂ ತಲೆದೂಗಿದರು.

ಅದೇ ಮಸೀದಿಗೆ ಬರುತ್ತಿದ್ದ ಆ ಕುಟುಂಬದ ಹಿರಿಮಗ, ಆಸ್ಪತ್ರೆಯ ನರ್ಸು, ಅಲ್ಲಿನ ಔಷಧಾಲಯದಲ್ಲಿದ್ದ ಚಿಕ್ಕಪ್ಪನ ಅಣ್ಣನ ಮಗಳನ್ನು ಮದುವೆಗೆ ಕೇಳಿದಾಗ ಅವೇ ತಲೆಗಳು ಅಡ್ಡಡ್ಡ ಆಡಿದವು. ಅವಳಿಗೂ ಅವನೇ ಬೇಕಿತ್ತು. ತಂದೆ ತೀರಿಹೋಗಿದ್ದರಿಂದ ನಿಕಾಹಿಗೆ ಪೋಷಕನ ಸಮ್ಮತಿ ಕೊಡಬೇಕಾದವರು ಚಿಕ್ಕಪ್ಪ. ಅವರು ಅತ್ತಿಗೆಯ ಮನೆಗೆ ಹೊರಟಾಗ ನನ್ನನ್ನೂ ಕರೆದೊಯ್ದರು.

ಗಂಡ ಹೋದ ಮೇಲೂ ಬಟ್ಟೆ ಹೊಲಿದು ಮೈದುನನನ್ನು ಓದಿಸಿದ, ಐದು ಹೊತ್ತಿನ ನಮಾಜು ತಪ್ಪಿಸದ ಹೆಂಗಸು ಆಕೆ. ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದರು:

"ನಮಾಜಿಗೆ ಸಾಲಲ್ಲಿ ಪಕ್ಕ ನಿಲ್ಲೋದು ಬೇರೆ, ಸಂಬಂಧ ಬೆಳೆಸೋದು ಬೇರೆ. ನಾಳೆ ಮೊಮ್ಮಕ್ಕಳು ಯಾವ ಬಣ್ಣಕ್ಕೆ ಹುಟ್ತಾವೆ?"

"ಆಗಲಿ, ನೋಡೋಣ. ಎದುರು ಪಕ್ಷದ ವಕೀಲನೂ ಇದೇ ರಾಗ ಹಾಡಿದ್ದ ಅತ್ತಿಗೆ. ಅವನಿಗೆ ಫೀಸಾದ್ರೂ ಸಿಕ್ತಿತ್ತು."

ಅತ್ತಿಗೆ ನಗಲಿಲ್ಲ. "ನೀವು ಹೂಂ ಅಂದ್ರೆ ಈ ಹೊಸ್ತಿಲು ತುಳೀಬೇಡಿ."

ತಮ್ಮನ್ನು ಸಾಕಿದ ಆ ಕೈಯನ್ನೊಮ್ಮೆ ನೋಡಿ, ಚಿಕ್ಕಪ್ಪ ಎದ್ದರು. ವಾರ ಕಳೆಯುವುದರೊಳಗೆ, ಬೆರಳೆಣಿಕೆಯ ಜನ ಸೇರಿದ್ದ ನಿಕಾಹಿನಲ್ಲಿ, ಹೂಂ ಅಂದರು.

ಮಗು ಹುಟ್ಟಿದ ಮೇಲೆ ಅತ್ತಿಗೆ ಮಗಳ ಮನೆಗೆ ಹೋದರು, ಮೊಮ್ಮಗಳನ್ನು ಎದೆಗವಚಿಕೊಂಡರು, ಅಳಿಯನಿಗೆ ಕೈಯಾರೆ ಬಡಿಸಿದರು. ಮೈದುನನನ್ನು ಮಾತ್ರ ಕೊನೆವರೆಗೂ ಕ್ಷಮಿಸಲಿಲ್ಲ.

"ಬೇಜಾರಾಗಲ್ವಾ?" ಎಂದು ಒಮ್ಮೆ ಚಿಕ್ಕಪ್ಪನನ್ನು ಕೇಳಿದೆ.

"ಆಗದೆ ಏನು? ಆದ್ರೆ ತೀರ್ಪು ಜಾರಿ ಆಯ್ತಲ್ಲಪ್ಪ. ಆಮೇಲೆ ವಕೀಲನ್ನ ಯಾರು ಊಟಕ್ಕೆ ಕರೀತಾರೆ?" ಎಂದು ಮುಂದಿನ ಕಡತ ಬಿಚ್ಚಿದರು.

ಬಣ್ಣಕ್ಕೂ ರಕ್ತಕ್ಕೂ ಸೇರದ ಇಂಥವರದೊಂದು ಕುಲವಿದೆ. ಎಲ್ಲರೂ ನಂಬುವುದಾಗಿ ಹೇಳುವ ಮಾತನ್ನು ನಿಜಕ್ಕೂ ನಂಬಿ ನಡೆದುಬಿಟ್ಟು, ತಮ್ಮವರ ಮುನಿಸನ್ನು ಹೊತ್ತವರು. ಅವರು ತೆರೆದು ಹಿಡಿದ ಬಾಗಿಲಲ್ಲಿ ಮಿಕ್ಕವರು ತಡವಾಗಿಯಾದರೂ ಒಳಬರುತ್ತಾರೆ. ಬರುವಾಗ ಬಾಗಿಲು ಹಿಡಿದವರ ಕಾಲು ತುಳಿದೇ ಬರುತ್ತಾರೆ.